ಸಮುದ್ರ ದಾಟಿ ಬಂದ ಬಳೆಚೂರು

“ಇದು ಯಾರ ಬಳೆ?” ಎಂದು ಸೂಪರ್‌ವೈಸರ್ ಕೇಳಿದಾಗ ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರ ಪಕ್ಕ ನಿಂತಿದ್ದ ವಿದೇಶಿ ಹೆಂಗಸಿನ ಅಂಗೈಯಲ್ಲಿ ಹಸಿರು ಗಾಜಿನ ಚೂರೊಂದಿತ್ತು. ತೊಂಬತ್ತರ ದಶಕದಲ್ಲಿ ದೊಡ್ಡಬಳ್ಳಾಪುರದ ಹತ್ತಿರದ ಗುಲಾಬಿ ತೋಟವೊಂದರಲ್ಲಿ ಹೂವು ಕೊಯ್ದು ಕಟ್ಟುವ ಕೆಲಸ ನನ್ನದು. ಬಳೆ ಒಡೆದದ್ದು ಗೊತ್ತಿತ್ತು, ಚೂರು ಎಲ್ಲಿ ಬಿತ್ತೆಂದು ಗೊತ್ತಿರಲಿಲ್ಲ.

“ನಂದೇ ಸಾರ್” ಎಂದೆ.

ಆಕೆ ನಕ್ಕು ಏನೋ ಹೇಳಿದರು. ಸೂಪರ್‌ವೈಸರ್ ಅದನ್ನು ಕನ್ನಡದಲ್ಲಿ ತಿಳಿಸಿದರು: “ಇವ್ರು ಆಮ್‌ಸ್ಟರ್‌ಡ್ಯಾಮಲ್ಲಿ ನಮ್ಮ ಹೂವು ಮಾರೋರು. ಕಟ್ಟು ಬಿಚ್ಚಿದಾಗ ಇದು ಸಿಕ್ತಂತೆ. ಕಟ್ಟಿದ ಕೈ ಯಾವ್ದು ಅಂತ ನೋಡ್ಬೇಕು ಅಂತ ಜೋಪಾನವಾಗಿ ತಂದವ್ರೆ ಕಣಮ್ಮ.”

“ಅದೆಷ್ಟು ದೂರ ಐತೆ ಸಾರ್?”

“ಏಳೂವರೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಬಾಂಬೆಲಿ ವಿಮಾನ ಹತ್ತಿದ್ರೆ ಒಂಬತ್ತು ಗಂಟೆ, ಅಷ್ಟೇ!”

ನಂದಗುಡಿ ಹತ್ತಿರದ ನನ್ನ ತವರಿಗೆ ಬಸ್ಸು ಬದಲಾಯಿಸಿ ಹೋಗುವುದರಲ್ಲೇ ನನಗೆ ಅರ್ಧ ದಿನ ಕಳೆಯುತ್ತಿತ್ತು. ನಾನು ಕಡಲನ್ನೇ ಕಂಡವಳಲ್ಲ. ನನ್ನ ಬಳೆಯ ಚೂರು ಮಾತ್ರ ಅದನ್ನು ದಾಟಿ ಹೋಗಿ, ತಿರುಗಿ ಬಂದೂ ಬಿಟ್ಟಿತ್ತು. ಮುಳ್ಳು ಗೀರಿದ ನನ್ನ ಕೈಯನ್ನು ಆಕೆ ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ನಾವು ಕೊಯ್ಯುತ್ತಿದ್ದುದು ಬರೀ ಮೊಗ್ಗುಗಳನ್ನು. ಅವು ಎಲ್ಲಿ ಅರಳುತ್ತವೆಂದು ನಾನು ಯೋಚಿಸಿರಲೇ ಇಲ್ಲ. ಅಂದಿನಿಂದ ಕತ್ತರಿ ಹಿಡಿದಾಗಲೆಲ್ಲ, ಭಾಷೆ ತಿಳಿಯದ ಊರಿನ ಯಾರದೋ ಮನೆಯಲ್ಲಿ ಆ ಮೊಗ್ಗು ನಿಧಾನವಾಗಿ ಬಿರಿಯುವುದು ನನ್ನ ಕಣ್ಣಮುಂದೆ ಬರುತ್ತಿತ್ತು.