ಎಲ್ಲಿ ನೋವು, ಯಾವಾಗಿನಿಂದ

ಬೆಳಗಿನ ಐದೂವರೆ. ಏಪ್ರಿಲ್ ಮುಗಿಯುತ್ತ ಬಂದರೂ ಸೇಂಟ್ ಜಾನ್ ನದಿಯ ದಂಡೆಯಲ್ಲಿ ಹಿಮ ಇನ್ನೂ ಕೊಳಕು ರಾಶಿಯಾಗಿ ಬಿದ್ದಿದೆ. ವೃದ್ಧರ ಆರೈಕೆ ಮನೆಯ ಏಳನೇ ಕೋಣೆಯಲ್ಲಿ ಮೊನೀಕ್ ಲಿಜೊಟ್ ಬಿಸಿನೀರಿನ ಬೋಗುಣಿಗೆ ಕೈ ಅದ್ದಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ಆಮೇಲೆ ಮಂಚದಲ್ಲಿರುವ ಓನೆಸೀಮ್ ಅವರ ಬೆನ್ನಿನಡಿ ಆ ಕೈ ತೂರಿಸುತ್ತಾರೆ.

“ಇನ್ನೂ ತಣ್ಣಗಿದೆ. ಹೆಣದ ಕೈ ಇದ್ದ ಹಾಗಿದೆ,” ಎಂದು ಎಂಬತ್ತೆಂಟರ ಓನೆಸೀಮ್ ಸಿಡುಕುತ್ತಾರೆ, ಈ ನದಿಕಣಿವೆಯ ಹಳಬರು ಮನೆಯಲ್ಲಿ ಆಡುವ ಫ್ರೆಂಚಿನಲ್ಲಿ.

“ನಿಮ್ಮ ಬಾಯಿ ಬಿಸಿ ಇದೆಯಲ್ಲ ಪೆಪೇರ್, ಇಡೀ ಮನೆಗೆ ಸಾಕು. ಹೊರಳಿ ಈ ಕಡೆ.”

ಪೆಪೇರ್ ಅಂದರೆ ಅಜ್ಜ, ಮೆಮೇರ್ ಅಂದರೆ ಅಜ್ಜಿ. ಇಲ್ಲಿ ಮುದುಕರನ್ನು ಹೆಸರು ಹಿಡಿದು ಕರೆಯುವ ರೂಢಿ ಇಲ್ಲ.

ಏಳೂವರೆಯ ತಿಂಡಿಯೊಳಗೆ ಇಂಥ ಹನ್ನೊಂದು ಜನರನ್ನು ಎಬ್ಬಿಸಿ, ಒರೆಸಿ, ಬಟ್ಟೆ ತೊಡಿಸಿ, ಗಾಲಿಕುರ್ಚಿಗೆ ಕೂರಿಸಬೇಕು. ಒಬ್ಬೊಬ್ಬರಿಗೂ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲೇ ಮೊನೀಕ್ ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ಪ್ರತಿ ಮಂಚದ ತಲೆಗೋಡೆಗೆ ಅವರೇ ದಪ್ಪಕ್ಷರದಲ್ಲಿ ಬರೆದಂಟಿಸಿದ ಒಂದು ಚೀಟಿ ಇದೆ. ಜೊತೆಯ ಸಹಾಯಕಿ ಟ್ರೇಸಿಯಿಂದ ಅದನ್ನು ಗಟ್ಟಿಯಾಗಿ ಓದಿಸುತ್ತಾರೆ. ಎಲ್ಲಿ ನೋವು? ಯಾವಾಗಿನಿಂದ? ತುಂಬಾನಾ, ಸ್ವಲ್ಪಾನಾ? ಮೂರೂ ಫ್ರೆಂಚಿನಲ್ಲಿ.

“ನಾಲಿಗೆ ಹೊರಳಲ್ಲ ಮಾರಾಯ್ತಿ,” ಅನ್ನುತ್ತಾಳೆ ದಕ್ಷಿಣದ ಊರಿನಿಂದ ಬಂದಿರುವ, ಇಂಗ್ಲಿಷ್ ಮಾತ್ರ ಬಲ್ಲ ಟ್ರೇಸಿ.

“ಹಸು ಅರಚಿದ ಹಾಗಿದೆ!” ಓನೆಸೀಮ್ ನಗುತ್ತಾರೆ.

“ಹಸುವಿಗೂ ನೀವು ಉತ್ತರ ಹೇಳ್ತೀರಲ್ಲ ಪೆಪೇರ್. ಇವಳಿಗೂ ಹೇಳಿ. ಇನ್ನೊಂದ್ಸಲ ಓದು, ಟ್ರೇಸಿ.”

ಫೆಬ್ರವರಿಗೆ ಮುಂಚೆ ಈ ಚೀಟಿಗಳು ಇರಲಿಲ್ಲ.

ಮೊನೀಕ್‌ಗೆ ಮೂವತ್ತನಾಲ್ಕು. ಹನ್ನೆರಡು ವರ್ಷದಿಂದ ಇದೇ ಮನೆಯಲ್ಲಿ ಸಹಾಯಕಿ. ಬೇಕಿರುವ ಕೆಲಸ ಬೇರೆ. ಊರಿನ ಕ್ಲಿನಿಕ್ಕಿನಲ್ಲಿ ಗಿಲ್ಮನ್ ಸೂಸಿ ಮಾಡುವ ಕೆಲಸ. ಗಿಲ್ಮನ್ ಡಾಕ್ಟರಲ್ಲ, ಫಿಜಿಷಿಯನ್ ಅಸಿಸ್ಟೆಂಟ್. ಜನರ ಬಾಯಲ್ಲಿ ಪಿಎ. ರೋಗಿಯನ್ನು ಮುಟ್ಟಿ ನೋಡುವುದು, ಔಷಧಿ ಬರೆಯುವುದು, ಗಾಯ ಹೊಲಿಯುವುದು ಎಲ್ಲ ಅವರದೇ. ಮೇಲೆ ಸಹಿ ಹಾಕುವ ಡಾಕ್ಟರು ಒಂದೂವರೆ ಗಂಟೆಯ ದಾರಿಯಾಚೆ ಇದ್ದಾರೆ. ಅರವತ್ತೇಳರ ಗಿಲ್ಮನ್ ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಆಮೇಲೆ ಆ ಕೋಣೆಯಲ್ಲಿ ಒಂದು ವಿಡಿಯೋ ಪರದೆ ಇರುತ್ತದೆ, ಪರದೆಯಲ್ಲಿ ಒಂದು ಮುಖ.

“ಆ ಕುರ್ಚೀಲಿ ನಮ್ಮೋರು ಯಾರಾದ್ರೂ ಕೂರ್ಬೇಕು,” ಅನ್ನುತ್ತಾರೆ ಮೊನೀಕ್. “ನಾನೇ ಅಂತೇನಿಲ್ಲ. ಆದರೆ ಈ ಊರಿಂದ ಬೇರೆ ಯಾರೂ ಆ ಓದಿಗೆ ಅರ್ಜಿ ಹಾಕ್ತಿಲ್ಲ.”

ಪಿಎ ಓದು ಕಲಿಸುವ ಶಾಲೆಗೆ ಅವರು ಎರಡು ಸಲ ಅರ್ಜಿ ಹಾಕಿದ್ದಾರೆ. ಮೊದಲ ವರ್ಷ ಎರಡು ಸಾಲಿನ ಉತ್ತರ ಬಂತು. ಎರಡನೇ ವರ್ಷ ಕಾಯುವವರ ಪಟ್ಟಿಯಲ್ಲಿ ಹೆಸರು ಬಂತು, ಅಲ್ಲೇ ಉಳಿಯಿತು. ಸಾವಿರಕ್ಕೂ ಮಿಕ್ಕ ಅರ್ಜಿ, ಮೂವತ್ತು ಸೀಟು. ಈ ಸಲದ್ದು ಮೂರನೆಯದು, ಬಹುಶಃ ಕೊನೆಯದು. ಅವರು ಕಲಿತ ರಸಾಯನಶಾಸ್ತ್ರಕ್ಕೆ ಬರುವ ವರ್ಷ ಹತ್ತು ತುಂಬುತ್ತದೆ. ಹತ್ತು ದಾಟಿದ ಪಾಠವನ್ನು ಆ ಶಾಲೆ ಒಪ್ಪುವುದಿಲ್ಲ.

ಎರಡನೇ ಸಲ ಕೈತಪ್ಪಿದಾಗ ಅವರು ಶಾಲೆಯ ಕಚೇರಿಗೆ ಫೋನು ಮಾಡಿ, ಎಲ್ಲಿ ಕಮ್ಮಿಯಾಯಿತು ಎಂದು ಕೇಳಿದರು. ಅಲ್ಲಿಯ ಹೆಂಗಸು ಹತ್ತು ನಿಮಿಷ ಮಾತಾಡಿದರು. ಅಂಗರಚನೆ ಪಾಠದ ಅಂಕ ಸಾಲದು, ಮತ್ತೆ ಓದಿ. ಒಬ್ಬ ಪಿಎ ಜೊತೆ ನಿಂತು ಕೆಲಸ ನೋಡಿ. ಕೊನೆಗೆ ಒಂದು ಪ್ರಶ್ನೆ ಕೇಳಿದರು: ಬೇರೆಯವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಏನಿದೆ?

“ಏನೂ ಇಲ್ಲ ಮೇಡಂ ಅಂದೆ. ನಿಜಾನೇ ಹೇಳಿದೆ ಅಂದ್ಕೊಂಡಿದ್ದೆ.”

ಹಾಗಾಗಿ ಜನವರಿಯಿಂದ ಅವರು ಮತ್ತೆ ವಿದ್ಯಾರ್ಥಿನಿ. ವಾರದಲ್ಲಿ ಎರಡು ದಿನ ಬೆಳಗಿನ ಪಾಳಿ ಮುಗಿಸಿ ತೊಂಬತ್ತೈದು ಕಿಲೋಮೀಟರು ದೂರದ ಕಾಲೇಜಿಗೆ ಹೋಗುತ್ತಾರೆ. ತರಗತಿಯಲ್ಲಿ ಉಳಿದವರಿಗೆಲ್ಲ ಹತ್ತೊಂಬತ್ತು, ಇಪ್ಪತ್ತು. ಶನಿವಾರ ಗಿಲ್ಮನ್ ಅವರ ಹಿಂದೆ ನಿಂತು ನೋಡುತ್ತಾರೆ. ಕಾರಿನಲ್ಲಿ ಮೂಳೆಗಳ ಹೆಸರು ಹೇಳಿಕೊಳ್ಳುತ್ತ ಒಮ್ಮೆ ಹಿಮದ ಚರಂಡಿಗೂ ಇಳಿದಿದ್ದಾರೆ.

ಫೆಬ್ರವರಿಯ ಎರಡನೇ ವಾರ ಪ್ರಯೋಗಾಲಯದ ಪರೀಕ್ಷೆ ಇತ್ತು. ಮೂರು ದಿನ ರಜೆ ಹಾಕಿ ಕಾಲೇಜಿನ ಊರಿನಲ್ಲೇ ಉಳಿದರು. ಒಂಬತ್ತನೇ ಕೋಣೆಯಲ್ಲಿ ಆಗ ಲಿಯೊಂಟೀನ್ ಡೇಗಲ್ ಇದ್ದರು, ತೊಂಬತ್ತೊಂದು ವರ್ಷದವರು. ಮರೆವು ಅವರ ಇಂಗ್ಲಿಷನ್ನು ಮೊದಲು ಒಯ್ದಿತ್ತು. ಉಳಿದದ್ದು ತಾಯಿಯ ಮಾತು ಮಾತ್ರ. ಆ ಮಾತು ಬಲ್ಲ ಹಳೇ ಸಹಾಯಕಿಯರು ಒಬ್ಬೊಬ್ಬರೇ ನಿವೃತ್ತರಾಗಿದ್ದರು. ಈಗಿರುವವರು ಹೆಚ್ಚಾಗಿ ಏಜೆನ್ಸಿ ಕಳಿಸಿದವರು. ಆ ಪಾಳಿಯಲ್ಲಿ ಫ್ರೆಂಚ್ ಬಲ್ಲವರಾಗಿ ಉಳಿದಿದ್ದವರು ಮೊನೀಕ್ ಒಬ್ಬರೇ.

ದಿನಚರಿ ಪುಸ್ತಕದಲ್ಲಿ ಆ ಮೂರು ದಿನ ಒಂದೇ ಮಾತು ಇದೆ: ಗೊಣಗುತ್ತಾರೆ, ಊಟ ಬೇಡ ಅನ್ನುತ್ತಾರೆ. ಕೈಬರಹ ಟ್ರೇಸಿಯದು.

ನಾಲ್ಕನೇ ದಿನ ಬೆಳಿಗ್ಗೆ ಮೊನೀಕ್ ಕೋಣೆಗೆ ಹೋದರು.

“ಎಲ್ಲಿಗೆ ಹೋಗಿದ್ದೆಯೇ ಮಗಳೇ? ಹೇಳಿ ಹೇಳಿ ಸಾಕಾಯ್ತು. ಹೊಟ್ಟೆ, ಇಲ್ಲಿ ಕೆಳಗೆ. ಮಂಗಳವಾರದಿಂದ,” ಅಂದರಂತೆ ಲಿಯೊಂಟೀನ್.

ಕರುಳು ತಿರುಚಿಕೊಂಡಿತ್ತು. ಆಂಬುಲೆನ್ಸ್ ಬಂತು. ಭಾನುವಾರ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೊದಲ ದಿನವೇ ತಿಳಿದಿದ್ದರೆ ಉಳಿಯುತ್ತಿದ್ದರೇ ಎಂದು ಗಿಲ್ಮನ್ ಅವರನ್ನು ಕೇಳಿದರೆ, ಹೇಳಲಾಗದು, ತೊಂಬತ್ತೊಂದು ವಯಸ್ಸು, ಅನ್ನುತ್ತಾರೆ. ಮೊನೀಕ್ ಈ ಪ್ರಶ್ನೆಯನ್ನು ಯಾರನ್ನೂ ಕೇಳಿಲ್ಲ. ಆ ಪರೀಕ್ಷೆಯಲ್ಲಿ ಅವರಿಗೆ ತೊಂಬತ್ತಾರು ಅಂಕ ಬಂದಿದೆ.

ಲಿಯೊಂಟೀನ್ ತೀರಿಕೊಂಡ ಮರುದಿನ ಅವರು ಚೀಟಿಗಳನ್ನು ಬರೆದರು. ಟ್ರೇಸಿಗೆ ಬೈಯಲಿಲ್ಲ.

ಮಾರ್ಚಿನಲ್ಲಿ ಗಿಲ್ಮನ್ ತಮ್ಮ ಅಡುಗೆಮನೆಗೆ ಕರೆದು ಹಳೆಯ ಅರ್ಜಿಯನ್ನು ಮೇಜಿನ ಮೇಲೆ ಹರಡಿಸಿದರು. ಅವರ ಹೆಂಡತಿ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಪ್ಲಾಯ್ ದೋಸೆ ಹುಯ್ಯುತ್ತಿದ್ದರು, ಒಂದೇ ಬದಿ ಬೇಯಿಸುವ, ಮೇಲೆಲ್ಲ ತೂತಾಗುವ ದೋಸೆ. ಗಿಲ್ಮನ್ ಬೆಣ್ಣೆಕೈಯಲ್ಲೇ ಹಾಳೆ ತಿರುವುತ್ತಿದ್ದವರು ನಿಂತರು.

“ಏನಮ್ಮ ಇದು? ಬಲ್ಲ ಇತರ ಭಾಷೆಗಳು: ಇಲ್ಲ. ಎರಡು ಸಲವೂ ಇಲ್ಲ ಅಂತ ಬರೆದಿದೀಯಾ?”

“ಶಾಲೇಲಿ ಕಲಿತ ಭಾಷೆ ಕೇಳ್ತಿದಾರೆ ಅದು.”

“ಈಗ ನನ್ನ ಹೆಂಡತಿ ಹತ್ರ ಸಿರಪ್ ಕೇಳಿದ್ಯಲ್ಲ, ಯಾವ ಭಾಷೇಲಿ ಕೇಳಿದೆ? ಬೆಕ್ಕಿನ ಭಾಷೇಲಾ?”

“ಅದೂ ಒಂದು ಭಾಷೆನಾ ಗಿಲ್ಮನ್? ಅದು ಮನೆ ಮಾತು.”

ಕಣಿವೆಯವರಲ್ಲದೆ ಇನ್ಯಾರೂ ಈ ತಪ್ಪು ಮಾಡುವುದಿಲ್ಲ. ಮೊನೀಕ್ ಅವರ ಅಜ್ಜಿ, ಇಂಗ್ಲಿಷ್ ಮಾತ್ರ ಆಡಬೇಕಿದ್ದ ಶಾಲೆಯ ಆಟದ ಬಯಲಿನಲ್ಲಿ ಫ್ರೆಂಚ್ ಆಡಿ ಸಿಕ್ಕಿಬಿದ್ದಿದ್ದರು. ಇನ್ನು ಆಡುವುದಿಲ್ಲ ಎಂದು ಕರಿಹಲಗೆಯ ಮೇಲೆ ನೂರು ಸಲ ಇಂಗ್ಲಿಷಿನಲ್ಲಿ ಬರೆದಿದ್ದರು. ನಮ್ಮದು ಫ್ರೆಂಚ್ ಅಲ್ಲ, ಪಾತ್ರೆ ತೊಳೆಯುವಾಗ ಆಡುವ ಮಾತು ಎಂದು ಮೊಮ್ಮಗಳಿಗೆ ಹೇಳಿಕೊಟ್ಟವರೂ ಅವರೇ. ಅರ್ಜಿಯ ಆ ಖಾನೆಯ ಮುಂದೆ ಮೊನೀಕ್‌ಗೆ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ.

“ಬೇರೆಯವರ ಹತ್ರ ಇಲ್ಲದ್ದು ಏನಿದೆ ಅಂತ ಕೇಳಿದ್ರಲ್ಲ ಆ ಹೆಂಗಸು,” ಅಂದರಂತೆ ಗಿಲ್ಮನ್. “ಲಿಯೊಂಟೀನ್ ಹತ್ರ ಕೇಳಿದ್ರೆ ಹೇಳ್ತಿದ್ರು.”

ಮೊನೀಕ್ ಅಂದು ಪ್ಲಾಯ್ ಮುಗಿಸದೆ ಎದ್ದು ಹೋದರು.

ಅರ್ಜಿಯ ಜೊತೆ ಒಂದು ಪ್ರಬಂಧವನ್ನೂ ಬರೆಯಬೇಕು: ಈ ವೃತ್ತಿ ಯಾಕೆ? ಮುದುಕಿಯ ಸಾವಿನಿಂದಲೇ ಶುರು ಮಾಡಿ, ಓದುವವರನ್ನು ಹಿಡಿದು ನಿಲ್ಲಿಸುತ್ತದೆ ಎಂದು ಕಾಲೇಜಿನ ಸಲಹೆಗಾರ ಹೇಳಿದರು. ಮೊನೀಕ್ ಬರೆದರು. ಚೆನ್ನಾಗಿಯೇ ಬಂದಿತ್ತು. ಮೂರು ದಿನ ಇಟ್ಟುಕೊಂಡು ಅಳಿಸಿಬಿಟ್ಟರು.

“ಅವರು ಸತ್ತಿದ್ದು ನನಗೆ ಸೀಟು ಸಿಗಲಿ ಅಂತ ಅಲ್ಲ.”

ಬದಲಿಗೆ ಬೆಳಗಿನ ಹನ್ನೊಂದು ಜನರ ಬಗ್ಗೆ ಬರೆದಿದ್ದಾರೆ, ಬಿಸಿನೀರಿನಲ್ಲಿ ಕೈ ಅದ್ದುವ ಬಗ್ಗೆ. ಸಲಹೆಗಾರರಿಗೆ ಅದು ಸಪ್ಪೆ ಅನ್ನಿಸಿದೆ.

ಗುರುವಾರ ಆನ್‌ಲೈನ್ ಅರ್ಜಿ ಸ್ವೀಕಾರ ಶುರುವಾಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಮೊನೀಕ್ ಎಲ್ಲವನ್ನೂ ತುಂಬಿದರು. ಇಪ್ಪತ್ತೊಂದು ಸಾವಿರ ಗಂಟೆಯ ಆರೈಕೆ, ಹೊಸ ಅಂಕ, ಗಿಲ್ಮನ್ ಅವರ ಪತ್ರ. ಭಾಷೆಯ ಖಾನೆಯಲ್ಲಿ ಫ್ರೆಂಚ್ ಎಂದು ಬರೆದರು. ಎಲ್ಲಿ ಕಲಿತಿರಿ ಎಂಬ ಪ್ರಶ್ನೆ ಅದರ ಕೆಳಗೇ ಇತ್ತು. ಅಡುಗೆಮನೆಯಲ್ಲಿ, ಅಜ್ಜಿಯಿಂದ, ಎಂದು ತುಂಬಿ ಕಳಿಸಿದರು. ಉತ್ತರ ಬರುವುದು ಶರತ್ಕಾಲದ ಆಲೂಗಡ್ಡೆ ಕೊಯ್ಲು ಮುಗಿದ ಮೇಲೆ. ಸೀಟು ಸಿಕ್ಕರೂ ಓದು ಎರಡೂವರೆ ವರ್ಷ. ಅಷ್ಟರಲ್ಲಿ ಕ್ಲಿನಿಕ್ಕು ಇರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

“ಸಿಗಲ್ಲ ಅಂತಾನೇ ಅಂದ್ಕೊಂಡಿದೀನಿ. ಸಿಕ್ರೆ ಆಮೇಲೆ ನೋಡೋಣ.”

ಮರುದಿನ ಶುಕ್ರವಾರ, ಮತ್ತೆ ಐದೂವರೆ. ಬೋಗುಣಿಗೆ ನೀರು ತುಂಬುವ ಮೊದಲು ಅವರು ದಿನಚರಿ ಪುಸ್ತಕದಲ್ಲಿ ಹಿಂದಿನ ದಿನದ ಪುಟ ತೆರೆಯುತ್ತಾರೆ. ಫೆಬ್ರವರಿಯಿಂದ ಇದೊಂದು ಅಭ್ಯಾಸವಾಗಿದೆ. ಓನೆಸೀಮ್ ಅವರ ಏಳನೇ ಕೋಣೆಯ ಎದುರು ಟ್ರೇಸಿಯ ಕೈಬರಹ: ಎಡ ಮಂಡಿ. ಬುಧವಾರ ಸಂಜೆಯಿಂದ. ಸ್ವಲ್ಪ.

ಮೊನೀಕ್ ಆ ಸಾಲನ್ನು ಇನ್ನೊಮ್ಮೆ ಓದುತ್ತಾರೆ. ಪುಸ್ತಕವನ್ನು, ಇದನ್ನೆಲ್ಲ ಬರೆದುಕೊಳ್ಳಲು ಬಂದ ನನ್ನ ಕಡೆ ತಿರುಗಿಸಿ ತೋರಿಸುತ್ತಾರೆ.

“ಕೇಳಿದಾಳೆ ನೋಡಿ,” ಅನ್ನುತ್ತಾರೆ.

ಆಮೇಲೆ ನಲ್ಲಿ ತಿರುಗಿಸಿ, ನೀರು ಬಿಸಿಯಾಗಲು ಕಾಯುತ್ತಾರೆ.