ಸುಮಿತ್ರಾಳ ಎದೆಯ ಸದ್ದು

ಇಂಥ ಮಾತುಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳು. ನರ್ಸಿಂಗ್ ಕಲಿತು ಹೊನ್ನಾವರದ ದವಾಖಾನೆ ಸೇರಿದ ಮೇಲಂತೂ, ಮೈಮೇಲೆ ಏನೋ ಬಂದಿದೆಯೆಂದು ಯಾರನ್ನಾದರೂ ಕರೆತಂದರೆ ಮೊದಲು ಜ್ವರ ನೋಡುತ್ತಿದ್ದೆ. ಬಹಳ ಸಲ ಜ್ವರವೇ ಇರುತ್ತಿತ್ತು. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದೇನೂ ಇಲ್ಲ. ಅಂದು ನನ್ನ ಬೆರಳಿಗೆ ತಿಳಿದದ್ದನ್ನು ನನ್ನ ತಲೆಯೇ ಇನ್ನೂ ಒಪ್ಪಿಲ್ಲ.

ಅರವತ್ತರ ದಶಕದ ಕೊನೆಯ ವರ್ಷಗಳು. ಬಜಾರಿನ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ವಾಮನ ಎಂಬವರ ಮನೆಯ ಪಕ್ಕದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮನೆಯಲ್ಲಿ ವಾಮನ, ಅವರ ತಾಯಿ ಭಾಗೀರಥಮ್ಮ, ಹೆಂಡತಿ ಸುಮಿತ್ರಾ. ಸುಮಿತ್ರಾಳ ತವರು ಭಟ್ಕಳ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಒಂದು ಕವಾಟವನ್ನು ಹಾಳುಮಾಡಿತ್ತು. ಒಂದು ಕೊಡ ನೀರು ಸೇದಿದರೆ ತುಟಿ ನೀಲಿಯಾಗುತ್ತಿತ್ತು. ಇನ್ನು ಹೆಚ್ಚು ದಿನ ಇಲ್ಲವೆಂದು ನಮ್ಮ ಡಾಕ್ಟರರು ವಾಮನರಿಗೆ ಹೇಳಿಬಿಟ್ಟಿದ್ದರು.

ಮುಂಬಯಿಯಲ್ಲಿದ್ದ ಅವಳ ಅಣ್ಣ ಬಂದು ಕರೆದೊಯ್ದ. ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಟ್ಟ ಕವಾಟವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಲೋಹದ ಪುಟ್ಟ ಪಂಜರವೊಂದನ್ನು ಹೊಲಿಯುವ ಪ್ರಯೋಗ ಆಗಷ್ಟೇ ಶುರುವಾಗಿತ್ತು. ಪಂಜರದೊಳಗೆ ಗೋಲಿಯಂಥದೊಂದು ಮೇಲೆ ಕೆಳಗೆ ಆಡುತ್ತ ರಕ್ತಕ್ಕೆ ದಾರಿ ಬಿಡುತ್ತದೆ, ಮುಚ್ಚುತ್ತದೆ. ಬದುಕಿದವರಿಗಿಂತ ಸತ್ತವರೇ ಹೆಚ್ಚು ಎಂದು ಅಣ್ಣನೇ ಮುಚ್ಚುಮರೆಯಿಲ್ಲದೆ ಹೇಳಿದ್ದ. ಅವಳು ಹಿಂದಿರುಗುವುದಿಲ್ಲವೆಂದು ಇಲ್ಲಿ ಎಲ್ಲರೂ ತೀರ್ಮಾನಿಸಿಕೊಂಡರು. ಭಾಗೀರಥಮ್ಮ ಹೊಳನಗದ್ದೆಯಲ್ಲಿ ಮಗನಿಗೆ ಇನ್ನೊಂದು ಹೆಣ್ಣು ಗೊತ್ತುಮಾಡಿದರು. ವಾಮನರೂ ಹೋಗಿ ನೋಡಿಬಂದರು.

ಮಳೆಗಾಲ ಕಳೆದ ಮೇಲೆ ಸುಮಿತ್ರಾ ಹಿಂದಿರುಗಿದಳು. ಬಸ್ಸಿನಿಂದಿಳಿದು ಚೀಲ ಹಿಡಿದುಕೊಂಡು ತಾನೇ ನಡೆದು ಬಂದಳು. ತುಟಿ ಕೆಂಪಗಿತ್ತು.

ಅವಳ ಜೊತೆ ಆ ಸದ್ದೂ ಬಂತು. ಟಿಕ್, ಟಿಕ್, ಟಿಕ್. ಗಡಿಯಾರದಷ್ಟು ಜೋರಲ್ಲ, ಉಗುರಿನಿಂದ ಬಟ್ಟಲನ್ನು ತಟ್ಟಿದಂತೆ. ಮನೆ ಮೌನವಾದಾಗ ಗೋಡೆಯಾಚೆಯ ನನಗೂ ಕೇಳುತ್ತಿತ್ತು. ಮುಂಬಯಿಯವರು ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿ ಅವಳ ಎದೆ ಕೇಳಿಸಿದ್ದರಂತೆ, ಫೋಟೋ ತೆಗೆದಿದ್ದರಂತೆ. ರಕ್ತ ಹೆಪ್ಪುಗಟ್ಟದಿರಲು ಗುಳಿಗೆ ಕೊಟ್ಟು ಕಳಿಸಿದ್ದರು. ಆ ಗುಳಿಗೆಯಿಂದ ಹಲ್ಲುಜ್ಜಿದರೆ ರಕ್ತ, ಈಳಿಗೆಮಣೆ ತಾಗಿದರೆ ನಿಲ್ಲದ ರಕ್ತ. ಮಕ್ಕಳನ್ನು ಹೆರುವ ಆಸೆ ಬಿಡು ಎಂದಿದ್ದರು. ಈ ಸದ್ದನ್ನು ಹೊತ್ತು ಮನೆಯವರ ನಡುವೆ ಹೇಗೆ ಬಾಳಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಭಾಗೀರಥಮ್ಮ ಅವಳನ್ನು ಅಡುಗೆಮನೆಗೆ ಸೇರಿಸಲಿಲ್ಲ. "ಎಂತ ಅದು, ಎದೆಯೊಳಗೆ ಹುಳ ಕೊರೆದ ಹಾಂಗೆ! ಉಂಡ ಅನ್ನ ಮೈಗೆ ಹತ್ತೂದಿಲ್ಲ" ಎಂದು ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದರು. ವಾಮನರು ಅಂಗಡಿಯಲ್ಲೇ ಮಲಗತೊಡಗಿದರು. ಓಣಿಯ ಹೆಂಗಸರು ಸಕ್ಕರೆ ಕೇಳುವ ನೆಪದಲ್ಲಿ ಬಂದು ಕಿವಿಗೊಟ್ಟು ಹೋಗುತ್ತಿದ್ದರು. ಸುಮಿತ್ರಾಳೂ ಮೊದಲಿನ ಮೆತ್ತಗಿನ ಹೆಂಗಸಾಗಿ ಉಳಿಯಲಿಲ್ಲ. ಅತ್ತೆ ಊಟಕ್ಕೆ ಕೂತಾಗ ಬೇಕೆಂದೇ ಬಂದು ಎದುರು ನಿಲ್ಲುತ್ತಿದ್ದಳು, ಮಾತಿಲ್ಲದೆ, ಊಟ ಮುಗಿಯುವವರೆಗೆ.

ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಭಾಗೀರಥಮ್ಮ ನನ್ನನ್ನು ಕರೆದರು. ಜಗಲಿಯಲ್ಲಿ ವಾಮನ ತಲೆ ತಗ್ಗಿಸಿ ಕೂತಿದ್ದರು. ಕುಮಟೆಯಿಂದ ಅವರ ಸೋದರಮಾವ ಬಂದಿದ್ದರು. ಸುಮಿತ್ರಾ ಕಂಬಕ್ಕೊರಗಿ ಕೂತಿದ್ದಳು.

"ನರ್ಸಬಾಯಿ, ನೀವೇ ಹೇಳಿ ಇವಳಿಗೆ. ಇವಳಿಂದ ಸಂಸಾರ ಆಗೂದಿಲ್ಲ. ಅಣ್ಣನ ಮನೆಗೆ ಹೋಗಿ ಆರಾಮಲ್ಲಿ ಇರಲಿ" ಎಂದರು ಭಾಗೀರಥಮ್ಮ.

ಅದು ನನ್ನ ಕೆಲಸವಲ್ಲ, ಅವಳು ಈಗ ಮೊದಲಿಗಿಂತ ಗಟ್ಟಿಯಾಗಿದ್ದಾಳೆ ಎಂದೆ.

"ಗಟ್ಟಿ! ಸತ್ತವಳಿಗೆ ಕೀಲಿ ಕೊಟ್ಟು ಕಳ್ಸಿದಾರೆ. ಇದು ನನ್ನ ಸೊಸೆ ಅಲ್ಲ."

ಆಮೇಲೆ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಹಾಗೆ ಕೇಳುತ್ತಿದ್ದಂತೆಯೇ ಅದು ನಿಂತಿತು.

ನಾವೆಲ್ಲರೂ ಒಟ್ಟಿಗೆ ತಲೆಯೆತ್ತಿದೆವು. ಆ ಸದ್ದನ್ನು ಅಷ್ಟು ಶಪಿಸಿದ್ದ ಭಾಗೀರಥಮ್ಮನ ಬಾಯಿ ತೆರೆದೇ ಉಳಿಯಿತು. ನಾನು ಎದ್ದು ಸುಮಿತ್ರಾಳ ಮಣಿಕಟ್ಟು ಹಿಡಿದೆ. ನಾಡಿ ಇರಲಿಲ್ಲ. ಕುತ್ತಿಗೆಯಲ್ಲಿ ನೋಡಿದೆ, ಅಲ್ಲೂ ಇರಲಿಲ್ಲ. ಸೆರಗಿನ ಮೇಲಿಂದ ಎದೆಗೆ ಕಿವಿಯಿಟ್ಟೆ. ಖಾಲಿ ಕೋಣೆಯ ಬಾಗಿಲಿಗೆ ಕಿವಿಯಿಟ್ಟಂತಿತ್ತು. ಹೃದಯ ನಿಂತ ಮನುಷ್ಯ ಕೆಲವೇ ಕ್ಷಣಗಳಲ್ಲಿ ಕುಸಿಯುತ್ತಾನೆ, ಅದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಇವಳು ಬೆಚ್ಚಗಿದ್ದಳು. ಕಣ್ಣು ಮಿಟುಕಿಸುತ್ತಿದ್ದಳು.

ನನ್ನ ಕೈ ಬಿಡಿಸಿಕೊಂಡು ಎದ್ದು ನಿಂತಳು. ಅತ್ತೆಯ ಹತ್ತಿರ ಹೋದಳು.

"ಈಗ ಶಬ್ದ ಇಲ್ಲ. ಈಗ ಆಗ್ಬಹುದಾ ನಿಮಗೆ?"

ಭಾಗೀರಥಮ್ಮ ಕೂತಲ್ಲೇ ಹಿಂದಕ್ಕೆ ಸರಿದರು. "ಬೇಡ ಮಾರಾಯ್ತಿ, ಬೇಡ. ಇಲ್ಲೇ ಇರು, ಆತು, ಇಲ್ಲೇ ಇರು."

"ಇರೂದಿಲ್ಲ" ಎಂದಳು ಸುಮಿತ್ರಾ. ಒಳಗೆ ಹೋದಳು. ಹಂಡೆಯಿಂದ ಚೊಂಬಿನಲ್ಲಿ ನೀರು ಮೊಗೆದು ಕುಡಿದ ಸದ್ದು ಕೇಳಿತು, ಪೆಟ್ಟಿಗೆ ತೆರೆದ ಸದ್ದೂ ಕೇಳಿತು. ಅದಾದ ಮೇಲೆ, ಏನೂ ಆಗಿಲ್ಲವೆಂಬಂತೆ, ಟಿಕ್, ಟಿಕ್ ಮತ್ತೆ ಶುರುವಾಯಿತು. ಸೋದರಮಾವ ಚಪ್ಪಲಿಯನ್ನೂ ಮೆಟ್ಟದೆ ಓಣಿಗಿಳಿದಿದ್ದರು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿಗೆ ಅವಳನ್ನು ಕಳಿಸಲು ನಾನೇ ಹೋದೆ; ಅಲ್ಲಿಂದ ಅವಳು ಮುಂಬಯಿಯ ಅಣ್ಣನ ಮನೆಗೆ ರೈಲು ಹಿಡಿಯುವವಳಿದ್ದಳು. ವಾಮನರು ಬರಲಿಲ್ಲ. ನಿನ್ನೆ ತಲೆ ಸುತ್ತಿತ್ತೇ, ಕಣ್ಣು ಕತ್ತಲೆಯಾಗಿತ್ತೇ ಎಂದು ಕೇಳಿದೆ.

"ಎಂತದೂ ಆಗ್ಲಿಲ್ಲ" ಎಂದಳು. ಚೀಲವನ್ನು ಇನ್ನೊಂದು ಕೈಗೆ ದಾಟಿಸಿಕೊಂಡು, "ನಂದು ನಿಂತಾಗ ನಿಮ್ದೆಲ್ಲ ಕೇಳ್ತು. ಎಲ್ಲರ ಎದೆದೂ, ಬೇರೆ ಬೇರೆಯಾಗಿ. ಅತ್ತೇದು ಸರಿ ಇಲ್ಲ, ನಡುನಡುವೆ ತಪ್ತಿತ್ತು. ನಾ ಹೇಳಿರೆ ಶಾಪ ಹಾಕ್ದೆ ಅಂತಾರೆ. ನೀವು ಬೇಕಾರೆ ಹೇಳಿ" ಎಂದಳು. ಕನಿಕರದಿಂದ ಹೇಳಿದಳೋ ಸೇಡಿನಿಂದಲೋ, ಮುಖ ನೋಡಿ ನನಗೆ ತಿಳಿಯಲಿಲ್ಲ.

ನಾನು ಹೇಳಿದೆ. ದವಾಖಾನೆಗೆ ಬನ್ನಿ, ಎದೆ ಪರೀಕ್ಷೆ ಮಾಡಿಸೋಣ ಎಂದೆ. ಭಾಗೀರಥಮ್ಮ ನನ್ನನ್ನೂ ಬೈದು ಕೋಣೆ ಖಾಲಿ ಮಾಡಲು ಹೇಳಿದರು. ಆ ಬೇಸಿಗೆಯಲ್ಲಿ, ಹೊಳನಗದ್ದೆಯ ಹೆಣ್ಣಿನೊಂದಿಗೆ ಮಗನ ಮದುವೆಗೆಂದು ಹಪ್ಪಳ ಒಣಗಿಸುತ್ತಿದ್ದಾಗಲೇ ಅಂಗಳದಲ್ಲಿ ಕುಸಿದು ತೀರಿಕೊಂಡರು. ಹೃದಯ ಎಂದರು ಡಾಕ್ಟರರು.

ಮುಂದೆ ಮುಂಬಯಿಯಲ್ಲಿ ತರಬೇತಾದ ಒಬ್ಬ ವೈದ್ಯರನ್ನು ಕೇಳಿದ್ದೇನೆ. ಗೋಲಿ ಸಿಕ್ಕಿಕೊಂಡರೆ ಮನುಷ್ಯ ಉಳಿಯುವುದಿಲ್ಲ, ನಿಮಗೆ ಗಾಬರಿಯಲ್ಲಿ ನಾಡಿ ಸಿಕ್ಕಿರಲಿಕ್ಕಿಲ್ಲ ಎಂದರು. ಇರಬಹುದು. ಆದರೆ ಸದ್ದು ನಿಂತದ್ದು ಎಲ್ಲರಿಗೂ ತಿಳಿದಿತ್ತು. ಅತ್ತೆಯ ವಿಷಯ ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಅವರು ಮಾತು ಬದಲಿಸಿದರು.

ನನ್ನ ಎದೆಯದೂ ಅವಳಿಗೆ ಕೇಳಿಸಿತ್ತು. ಅದು ಹೇಗಿತ್ತೆಂದು ಆ ಬೆಳಿಗ್ಗೆಯೇ ಕೇಳಬಹುದಿತ್ತು. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ, ಬಸ್ಸು ಹೊರಡಲು ಹೊತ್ತಿತ್ತು. ನಾನು ಕೇಳಲಿಲ್ಲ.