ಆಯಿಯ ಬಾಯಿಗೆ ಉಳಿದ ಸದ್ದುಗಳು

ಪಕ್ಕದ ಮನೆಯಲ್ಲಿ ಯಾರೋ ಜೋಳದ ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ಬಂದರೆ ಸಾಕು, ತೆಲುಗು ನಾಡಿನ ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸು ಕಣ್ಮುಂದೆ ನಿಲ್ಲುತ್ತದೆ. ಆ ಮನೆ ಈಗಿಲ್ಲ, ಕೆಡವಿದ್ದಾರೆ. ನಿಮಗೂ ಇಂಥದ್ದೊಂದು ಮನೆ ಇದ್ದೀತು, ಸದ್ದಿನಲ್ಲಿ ಮಾತ್ರ ಉಳಿದದ್ದು. ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಆಯಿ, ಅಪ್ಪನ ತಾಯಿ. ವಿಜಾಪುರ ಕಡೆಯ ಗಟ್ಟಿ ದನಿ ಅವಳದು. ತರಕಾರಿಯವಳೊಡನೆ ತೆಲುಗು, ಹಾಲಿನವನೊಡನೆ ಹಿಂದಿ, ನಮ್ಮೊಡನೆ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಯಾರು ಹೊಸ್ತಿಲು ದಾಟಿ ಬಂದರೂ ಮೊದಲ ಮಾತು, "ಊಟ ಆತೇನು?" ಉತ್ತರಕ್ಕೆ ಮೊದಲೇ ತಟ್ಟೆ ಬರುತ್ತಿತ್ತು.

ನಾನು ಐದನೇ ಇಯತ್ತೆಯಲ್ಲಿದ್ದಾಗ ಆಯಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. "ಇನ್ನ ಮಾತು ಬರೂದು ಭಾಳ ಕಷ್ಟ ಐತಂತ, ಡಾಕ್ಟರ್ ಅಂದ್ರು," ಎಂದು ಅಪ್ಪ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಇರುವ ಭಾಷೆಗಳು ಅವಳಿಗೆ ಬಾರದಿದ್ದರೆ ಬೇರೊಂದು ಮಾಡಿದರಾಯಿತು, ಅವಳ ಬಾಯಿಗೆ ಒಗ್ಗುವಂಥದ್ದು. ಆಯಿ ಮತ್ತೆ ಮಾತಾಡಲೇಬೇಕಿತ್ತು.

ದಿನವೂ ಮಂಚದ ಬಳಿ ಕೂತು ವರ್ಣಮಾಲೆಯ ಒಂದೊಂದೇ ಅಕ್ಷರ ಹೇಳಿಸಿದೆ. ನಾಲಿಗೆ ಎತ್ತಬೇಕಾದವು ಒಂದೂ ಬರಲಿಲ್ಲ. ತುಟಿಯಲ್ಲಿ ಹುಟ್ಟುವ ಮ, ಬ, ಬಾಯಿ ತೆರೆದರೆ ಬರುವ ಆ, ಉಸಿರಿನ ಹ, ಇಷ್ಟೇ ಉಳಿದಿದ್ದವು. ಇಷ್ಟರಲ್ಲೇ ಸಂಸಾರ ಹೂಡಬೇಕು. ಮಾ ಎಂದರೆ ಊಟ, ಬಾ ಎಂದರೆ ನೀರು, ಹಾ ಎಂದರೆ ನೋವು. ಆಯಿಗೆ ನೆಗಡಿಯಾದಾಗ ಮಾ ಕೂಡ ಬಾ ಎಂದೇ ಕೇಳಿಸಿತು. ಬಿಡಲಿಲ್ಲ, ನೀರಿನ ಬಾ ಸದ್ದನ್ನು ಗಿಡ್ಡ ಮಾಡಿ, ಎರಡು ಸಲ ಸೇರಿಸಿ ಬಬ ಎಂದು ಬದಲಿಸಿದೆ. ಎಡಗೈಯನ್ನೂ ಸೇರಿಸಿಕೊಂಡೆ: ಮಂಚದ ಪಟ್ಟಿಯನ್ನು ಒಮ್ಮೆ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಬೇಡ.

"ಆಯಿನ್ನ ಯಾಕ ಕಾಡಾಕತ್ತೀ? ಮಲಕೋಲಿ ಬಿಡು," ಎಂದು ಅವ್ವ ಬೈಯುತ್ತಿದ್ದಳು. ಆಯಿ ಪಾಠವನ್ನೇನೋ ಒಪ್ಪಿಸುತ್ತಿದ್ದಳು, ಮುಗಿದ ಕೂಡಲೇ ಗೋಡೆಗೆ ಮುಖ ಮಾಡುತ್ತಿದ್ದಳು. ತುಟಿ ಒಣಗಿದರೂ ತಾನಾಗಿ ಬಬ ಎಂದು ನೀರು ಕೇಳಲಿಲ್ಲ. ನಾನೂ ಪಟ್ಟು ಸಡಿಲಿಸಲಿಲ್ಲ, ಅವಳೂ ಸಡಿಲಿಸಲಿಲ್ಲ. ನನಗೆ ಆ ಗುಣ ಯಾರಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಒಂದು ಸಂಜೆ ಶಾಲೆಯಿಂದ ಬಂದು ಚೀಲ ಇಳಿಸುತ್ತಿದ್ದೆ. ಮಂಚದಿಂದ "ಮಾ?" ಎಂದು ಕೇಳಿಸಿತು. ಅವ್ವ ಗಡಬಡಿಸಿ ಗಂಜಿ ತಂದಳು. ಆಯಿ ಎಡಗೈಯಿಂದ ಬಟ್ಟಲನ್ನು ನನ್ನತ್ತ ತಳ್ಳಿ, ದನಿಯನ್ನು ಕೊನೆಯಲ್ಲಿ ಮೇಲಕ್ಕೆತ್ತಿ ಮತ್ತೆ "ಮಾ?" ಎಂದಳು.

"ಅತ್ತಿಯವ್ರು ನಿನ್ನ ಊಟ ಆತೇನಂತ ಕೇಳಾಕತ್ತಾರ," ಎಂದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಕಟ್ಟಿದ್ದೆಲ್ಲ ಬೇಡುವ ಮಾತುಗಳೇ ಆಗಿದ್ದವು. ಊರಿಗೆಲ್ಲ ಬಡಿಸಿದವಳು ಹೇಗೆ ಬೇಡಿಯಾಳು? ವಿಚಾರಿಸುವ ರಾಗ ನನಗೆ ಹೊಳೆದೇ ಇರಲಿಲ್ಲ. ಅದನ್ನು ಆಯಿಯೇ ಸೇರಿಸಿದಳು. ನಾನು ಅತ್ತು, ಗಂಜಿ ಕುಡಿದು, ಮಂಚದ ಪಟ್ಟಿಯನ್ನು ಒಮ್ಮೆ ತಟ್ಟಿದೆ. ಅಂದಿನಿಂದ ಬಂದವರಿಗೆಲ್ಲ ಅದೇ ಪ್ರಶ್ನೆ. ತರಕಾರಿಯವಳು ಕೂಡ ಬುಟ್ಟಿಗೆ ತಟ್ಟಿ "ತಿನ್ನಾನಮ್ಮಾ", ಉಂಡೆನಮ್ಮಾ, ಎಂದ ಮೇಲೆಯೇ ತಕ್ಕಡಿ ಹಿಡಿಯುತ್ತಿದ್ದಳು. ಮನೆಗೆ ಮತ್ತೆ ಯಜಮಾನಿ ಬಂದಿದ್ದಳು.

ಕೊನೆಯ ದಿನ ದೀಪ ಹಚ್ಚುವ ಹೊತ್ತಿಗೆ ದನಿ ಬರೀ ಉಸಿರಾಗಿತ್ತು. ನನ್ನನ್ನು ನೋಡಿ ಕೇಳಿದಳು, ತಟ್ಟಿದೆ. ಅವ್ವನನ್ನು ಕೇಳಿದಳು, ಅವ್ವ ತಟ್ಟಿದಳು. ಡ್ಯೂಟಿಯಿಂದ ಆಗಷ್ಟೇ ಬಂದಿದ್ದ ಅಪ್ಪನನ್ನು ಕೇಳಿ, ಅವನು ಅಡುಗೆಮನೆಯಲ್ಲಿ ನಿಂತೇ ನಾಲ್ಕು ತುತ್ತು ತಿಂದು ಬಂದು ತಟ್ಟುವವರೆಗೆ ಕಾದಳು. ಆಮೇಲೆ ಕಣ್ಣು ಮುಚ್ಚಿದಳು.

ವರ್ಷಗಳ ಮೇಲೆ ಅಪ್ಪ ಅವ್ವನೂ ಹೋದರು. ಆ ಭಾಷೆ ಬಲ್ಲವಳು ನಾನೊಬ್ಬಳೇ, ಮಾತಾಡಲು ಜೊತೆಯಿಲ್ಲ. ಪಕ್ಕದ ಮನೆಯಲ್ಲಿ ರೊಟ್ಟಿಯ ಸದ್ದು ನಿಂತಾಗ ನನ್ನ ಕೈ ತಾನಾಗಿ ಮೇಜನ್ನು ಒಮ್ಮೆ ತಟ್ಟುತ್ತದೆ. ಆಗೇತಿ ಆಯಿ, ಊಟ ಆಗೇತಿ.